‘ಕಣ್ಣು ಉರುಳಿಸಿದಳು’ ಅಂದ್ರೆ ಎಲ್ಲಿಗೆ? ಲೈಟ್ ನಾವೆಲ್, ಅನುವಾದ ಮತ್ತು ಸಿಂಧನೂರಿನ ಒಬ್ಬ ಓದುಗ

ಪ್ರಶ್ನೆ: ನನಗೆ 23 ವರ್ಷ. ಸಿಂಧನೂರಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ಜಪಾನಿನ ಲೈಟ್ ನಾವೆಲ್‌ಗಳನ್ನು ಇಂಗ್ಲಿಷ್‌ನಲ್ಲಿ ಓದುತ್ತೇನೆ. ಮೂರು ವರ್ಷದಿಂದ ಇದೇ ಹುಚ್ಚು. ನಮ್ಮಣ್ಣ ಮೇಷ್ಟ್ರು. ‘ಅದೂ ಒಂದು ಸಾಹಿತ್ಯಾನಾ?’ ಅಂತ ನಗುತ್ತಾನೆ. ಅದು ಹೋಗಲಿ. ಒಂದೇ ಸರಣಿಯ ಎರಡು ಇಂಗ್ಲಿಷ್ ಅನುವಾದ ಓದಿದೆ. ಒಂದು ಅಭಿಮಾನಿಗಳು ಪುಕ್ಕಟೆ ಮಾಡಿದ್ದು, ಇನ್ನೊಂದು ನಾನು ದುಡ್ಡು ಕೊಟ್ಟು ಕೊಂಡಿದ್ದು. ಒಂದರಲ್ಲಿ ನಾಯಕ ಮೆತ್ತಗಿನ ಹುಡುಗ, ಇನ್ನೊಂದರಲ್ಲಿ ಉಡಾಳ. ಯಾವುದನ್ನು ನಂಬಲಿ? ಆಮೇಲೆ, ಅವ್ವನೂ ಓದಲಿ ಅಂತ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿ ತಂದೆ. ‘ಅವಳು ತನ್ನ ಕಣ್ಣುಗಳನ್ನು ಉರುಳಿಸಿದಳು’ ಅಂತ ಇತ್ತು. ‘ಎಲ್ಲಿಗೆ ಉರುಳಿದವು?’ ಅಂತ ಕೇಳಿ ಅವ್ವ ಪುಸ್ತಕ ಮುಚ್ಚಿಟ್ಟಳು. ಇಂಥ ಕಥೆಗಳು ಕನ್ನಡಕ್ಕೆ ಒಗ್ಗುವುದೇ ಇಲ್ಲವಾ? ನಾನೇ ಅನುವಾದ ಮಾಡಬಹುದಾ? ಮಾಡಿದರೆ ನಮ್ಮ ಕಡೆ ಮಾತಿನಲ್ಲೋ, ಪುಸ್ತಕದ ಕನ್ನಡದಲ್ಲೋ?

ಉತ್ತರ: ನಿಮ್ಮ ಅವ್ವನಿಗೆ ಮೊದಲು ನನ್ನ ನಮಸ್ಕಾರ ಹೇಳಿ. ಇಪ್ಪತ್ತೈದು ವರ್ಷದಿಂದ ಬಳ್ಳಾರಿಯಲ್ಲಿ ಕೂತು ಅನುವಾದ ಮಾಡಿ, ಬೇರೆಯವರ ಅನುವಾದ ತಿದ್ದಿ ಹೊಟ್ಟೆ ಹೊರೆದವನು ನಾನು. ಅವರು ಕೇಳಿದ ಪ್ರಶ್ನೆಯನ್ನೇ ಎಷ್ಟೋ ಹಸ್ತಪ್ರತಿಗಳ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದಿದ್ದೇನೆ. ಆ ಹೆಣ್ಣುಮಗಳು ‘ಮೂತಿ ತಿರುವಿದಳು’ ಅಂದಿದ್ದರೆ ಮುಗಿದುಹೋಗುತ್ತಿತ್ತು.

ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕೈದಿವೆ. ಒಳಗಿರುವ ಚಿಂತೆ ಮಾತ್ರ ಒಂದೇ ಅನಿಸುತ್ತದೆ. ನನಗೆ ಇಷ್ಟವಾದದ್ದು ನಿಜವಾಗಿ ಆ ಲೇಖಕ ಬರೆದದ್ದಾ, ಅಥವಾ ಮಧ್ಯದಲ್ಲಿ ಯಾರೋ ಕೈಯಾಡಿಸಿದ್ದಾ? ಅಲ್ವಾ?

ಅಣ್ಣನ ಮಾತನ್ನು ಬೇಗ ಮುಗಿಸೋಣ. ಲೈಟ್ ನಾವೆಲ್ ಅನ್ನೋದು ಜಪಾನಿನವರೇ ಇಂಗ್ಲಿಷ್ ಪದಗಳನ್ನು ಜೋಡಿಸಿ ಮಾಡಿಕೊಂಡ ಹೆಸರು. ಅಂಗೈಗೆ ಹಿಡಿಸುವ ಸಣ್ಣ ಪುಸ್ತಕ, ನಡುವೆ ಚಿತ್ರಗಳು, ಚಿಕ್ಕ ಪ್ಯಾರಾಗಳು, ಜಾಸ್ತಿ ಮಾತುಕತೆ, ಹದಿಹರೆಯದವರನ್ನು ಕಣ್ಣಮುಂದೆ ಇಟ್ಟುಕೊಂಡ ಬರವಣಿಗೆ. ಆ ಹೆಸರು ಹೇಳುವುದು ಇಷ್ಟನ್ನೇ, ಗುಣಮಟ್ಟವನ್ನಲ್ಲ. ಒಳ್ಳೆಯದೂ ಇದೆ, ಕಸವೂ ಇದೆ. ಕನ್ನಡದ ಓದುಗರು ಕಾದಂಬರಿಗೆ ಒಗ್ಗಿದ್ದಾದರೂ ಹೇಗೆ? ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ, ಗಳಗನಾಥರು ಮರಾಠಿಯಿಂದ ತಂದ ರೋಚಕ ಕಥೆಗಳನ್ನು ಮುಗಿಬಿದ್ದು ಓದಿದ್ದರಿಂದ. ಇದನ್ನು ಅಣ್ಣನಿಗೆ ಹೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಈಗ ನಿಮ್ಮ ಇಬ್ಬರು ನಾಯಕರು. ನೀವು ಸರಣಿಯ ಹೆಸರು ಬರೆದಿಲ್ಲ. ಪರವಾಗಿಲ್ಲ, ಇಂಥ ಗೊಂದಲಕ್ಕೆ ಸಾಮಾನ್ಯವಾಗಿ ಎರಡು ಕಾರಣ.

ಒಂದು, ಆ ಎರಡು ಅನುವಾದಗಳ ಮೂಲವೇ ಬೇರೆ ಇರಬಹುದು. ಇದು ತುಂಬ ಜನಕ್ಕೆ ಹೊಳೆಯುವುದಿಲ್ಲ. ಜಪಾನಿನಲ್ಲಿ 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೋ’ ಎಂಬ ತಾಣದಲ್ಲಿ ಯಾರು ಬೇಕಾದರೂ ಕಾದಂಬರಿಯನ್ನು ಕಂತುಕಂತಾಗಿ ಹಾಕಬಹುದು. ಹೆಸರಿನ ಅರ್ಥವೇ ‘ಕಾದಂಬರಿಕಾರರಾಗೋಣ’ ಅಂತ. ಅಲ್ಲಿ ಜನ ಮೆಚ್ಚಿದ್ದನ್ನು ಪ್ರಕಾಶಕರು ಎತ್ತಿಕೊಳ್ಳುತ್ತಾರೆ. ಸಂಪಾದಕರು ಕೂತು ತಿದ್ದಿಸುತ್ತಾರೆ, ಚಿತ್ರ ಬರೆಸುತ್ತಾರೆ, ಕೆಲವು ಸಲ ಪಾತ್ರವನ್ನೇ ಬದಲಿಸುತ್ತಾರೆ. ಅಭಿಮಾನಿಗಳು ಪುಕ್ಕಟೆ ಸಿಗುವ ಕಂತುಗಳನ್ನು ಅನುವಾದ ಮಾಡಿರುತ್ತಾರೆ. ದುಡ್ಡು ಕೊಟ್ಟು ಕೊಂಡದ್ದು ತಿದ್ದಿದ ಪುಸ್ತಕದ ಅನುವಾದ. ಹೀಗಾದಾಗ ಇಬ್ಬರು ಅನುವಾದಕರೂ ಸುಳ್ಳು ಹೇಳಿರುವುದಿಲ್ಲ.

ಎರಡನೆಯದು ‘ನಾನು’ ಎಂಬ ಪದ. ಜಪಾನಿಯಲ್ಲಿ ‘ನಾನು’ ಅನ್ನಲು ಹಲವು ಪದ ಇವೆ. ‘ವತಾಶಿ’ ಎಲ್ಲ ಕಡೆ ಸಲ್ಲುವ ಮರ್ಯಾದೆಯ ಪದ. ‘ಬೊಕು’ ಹುಡುಗರು ಬಳಸುವ ಮೆತ್ತಗಿನ ಪದ. ‘ಒರೆ’ ಸ್ವಲ್ಪ ಒರಟು. ಹಾಗಂತ ಒರೆ ಅಂದವನೆಲ್ಲ ಉಡಾಳ ಅಲ್ಲ. ಗೆಳೆಯರ ನಡುವೆ ಸಾಮಾನ್ಯ ಹುಡುಗನೂ ಅದನ್ನೇ ಅನ್ನುತ್ತಾನೆ. ನಮ್ಮ ಹುಡುಗರು ಗೆಳೆಯನಿಗೆ ‘ಏನಲೇ’ ಅಂದು, ಅದೇ ಉಸಿರಿನಲ್ಲಿ ಮೇಷ್ಟ್ರಿಗೆ ‘ಹೇಳ್ರಿ ಸರ’ ಅನ್ನುವುದಿಲ್ಲವೇ, ಹಾಗೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ‘ಐ’. ಕಳೆದುಹೋದ ಒರಟುತನವನ್ನು ಎಲ್ಲಾದರೂ ತುಂಬಬೇಕಲ್ಲ, ಒಬ್ಬ ಅನುವಾದಕ ಬೈಗುಳ ಸೇರಿಸುತ್ತಾನೆ. ಇನ್ನೊಬ್ಬ ಸುಮ್ನೆ ಬಿಟ್ಟುಬಿಡುತ್ತಾನೆ. ನಿಮಗೆ ಉಡಾಳ ಕಂಡದ್ದು ಅಲ್ಲಿಂದ ಇರಬಹುದು.

ಅಭಿಮಾನಿಗಳದ್ದು ಪ್ರಾಮಾಣಿಕ, ಕಂಪನಿಯದ್ದು ಕತ್ತರಿಸಿದ್ದು ಅನ್ನುವ ನಂಬಿಕೆ ಓದುಗರಲ್ಲಿ ಇದೆ. ಅರ್ಧ ಮಾತ್ರ ನಿಜ. ಪ್ರೀತಿಯಿಂದ, ರಾತ್ರಿ ನಿದ್ದೆಗೆಟ್ಟು ಮಾಡಿದ ಒಳ್ಳೆಯ ಅಭಿಮಾನಿ ಅನುವಾದಗಳಿವೆ. ಆದರೆ ಅವನ್ನು ತಿದ್ದುವ ಎರಡನೇ ಕಣ್ಣು ಇರುವುದು ಅಪರೂಪ. ಯೆನ್ ಪ್ರೆಸ್, ಜೆ-ನಾವೆಲ್ ಕ್ಲಬ್‌ನಂಥ ಪರವಾನಗಿ ಪಡೆದ ಪ್ರಕಾಶಕರಲ್ಲಿ ಅನುವಾದಕರ ಮೇಲೆ ಸಂಪಾದಕರೂ ಇರುತ್ತಾರೆ. ಜೊತೆಗೆ, ಈಗ ಅಭಿಮಾನಿ ಅನುವಾದ ಅಂತ ಹರಿದಾಡುವುದರಲ್ಲಿ ಎಷ್ಟೋ ಬರೀ ಯಂತ್ರದ ಕೆಲಸ. ಅದನ್ನು ಗುರುತಿಸುವುದು ಕಷ್ಟವಲ್ಲ. ಜಪಾನಿ ವಾಕ್ಯದಲ್ಲಿ ಕರ್ತೃವನ್ನು ಬಿಟ್ಟುಬಿಡುವುದು ಮಾಮೂಲು, ಯಂತ್ರ ಊಹೆ ಮಾಡುತ್ತದೆ. ಹಾಗಾಗಿ ಒಂದೇ ಪುಟದಲ್ಲಿ ಅದೇ ಮನುಷ್ಯ ‘ಅವನು’ ಆಗಿ ‘ಅವಳು’ ಆಗಿ ಮತ್ತೆ ‘ಅವನು’ ಆಗುತ್ತಾನೆ. ಹೆಸರು ಬರೆಯುವ ಕಾಂಜಿ ಅಕ್ಷರಗಳನ್ನು (ಚೀನಾದಿಂದ ಜಪಾನಿಗೆ ಬಂದ ಲಿಪಿ ಅದು) ಎರಡು ಮೂರು ರೀತಿ ಓದಲು ಬರುವುದರಿಂದ, ಮೂರನೇ ಅಧ್ಯಾಯದ ಹುಡುಗಿ ಏಳನೇ ಅಧ್ಯಾಯದಲ್ಲಿ ಬೇರೆ ಹೆಸರಿನಿಂದ ಬರುತ್ತಾಳೆ. ಹೊಸ ಎಐ ಅನುವಾದಗಳ ಅಪಾಯ ಬೇರೆ ಥರ. ಅವು ನುಣುಪಾಗಿರುತ್ತವೆ. ಗೊತ್ತಾಗದ ಸಾಲನ್ನು ಸದ್ದಿಲ್ಲದೆ ಹಾರಿಸಿ ಮುಂದೆ ಹೋಗಿದ್ದರೂ ನಿಮಗೆ ಎಡವಿದ ಹಾಗೆ ಅನಿಸುವುದೇ ಇಲ್ಲ.

ಇನ್ನು ಕನ್ನಡಕ್ಕೆ ಒಗ್ಗುತ್ತದಾ ಎಂಬ ಪ್ರಶ್ನೆ. ಇಲ್ಲಿ ನನ್ನದೇ ಒಂದು ತಪ್ಪು ಹೇಳುತ್ತೇನೆ.

ಅನುವಾದಕ್ಕೆ ಇಳಿದ ಹೊಸದರಲ್ಲಿ ಒಂದು ತೆಲುಗು ಕಥೆಯನ್ನು ಕನ್ನಡಕ್ಕೆ ಮಾಡಿಕೊಟ್ಟೆ. ತೆಲುಗಿನಿಂದ ಅಲ್ಲ, ಅದರ ಇಂಗ್ಲಿಷ್ ಅನುವಾದದಿಂದ. ಬಳ್ಳಾರಿಯಲ್ಲಿದ್ದುಕೊಂಡು! ನಮ್ಮ ಓಣಿಯಲ್ಲಿ ಎರಡು ಮನೆಗೊಂದು ತೆಲುಗು ಮನೆ. ಇಂಗ್ಲಿಷ್ ಪ್ರತಿ ಕೈಗೆ ಬಂತು, ಗಡುವು ಹತ್ತಿರ ಇತ್ತು, ಮಾಡಿಬಿಟ್ಟೆ. ಅದರಲ್ಲಿ ಹುಡುಗಿ ತನ್ನ ‘ಅಂಕಲ್’ನ ಮಗನನ್ನು ಮದುವೆ ಆಗುತ್ತಾಳೆ. ನಾನು ‘ಚಿಕ್ಕಪ್ಪ’ ಅಂತ ಹಾಕಿದೆ. ಕಥೆ ಅಚ್ಚಾಯಿತು. ಎರಡು ದಿನಕ್ಕೆ ರಾಯಚೂರಿನ ಒಬ್ಬ ಹಿರಿಯ ಓದುಗರು ಫೋನ್ ಮಾಡಿದರು. ‘ಏನ್ರಿ, ಕಾಕಾನ ಮಗನ್ನ ಮದಿವಿ ಮಾಡಿಸೀರಲ್ಲ, ಅಣ್ಣ ಆಗಬೇಕಲ್ರಿ ಆಕಿಗೆ?’ ಮೂಲ ತರಿಸಿ ನೋಡಿದರೆ ‘ಮೇನಮಾಮ’ ಅಂತ ಇತ್ತು. ಸೋದರಮಾವ. ತೆಲುಗಿನಲ್ಲೂ ಕನ್ನಡದಲ್ಲೂ ಮಾವನ ಮಗ ಅಂದರೆ ವರಸೆ ಸರಿ. ನಡುವೆ ಬಂದ ಇಂಗ್ಲಿಷಿಗೆ ಮಾವನೂ ಒಂದೇ, ಚಿಕ್ಕಪ್ಪನೂ ಒಂದೇ. ತೆಲುಗಿನಲ್ಲಿ ಇದ್ದದ್ದು, ಕನ್ನಡದಲ್ಲಿ ಇರುವುದು, ಇಂಗ್ಲಿಷ್ ಎಂಬ ಕಿರುದಾರಿಯಲ್ಲಿ ಉದುರಿಹೋಯಿತು. ಹೆಕ್ಕಬೇಕಾಗಿದ್ದ ನಾನು ಹೆಕ್ಕಲಿಲ್ಲ.

ಜಪಾನಿ ಕಥೆಗಳು ಕನ್ನಡದಲ್ಲಿ ಸೊರಗುವುದು ಬಹಳ ಸಲ ಇದೇ ಕಾರಣಕ್ಕೆ. ಕನ್ನಡದ ಬಡತನ ಅಲ್ಲ ಅದು. ಜಪಾನಿಯಲ್ಲಿ ಅಣ್ಣನಿಗೆ ‘ಅನಿ’, ತಮ್ಮನಿಗೆ ‘ಒತೋತೊ’, ಅಕ್ಕನಿಗೆ ‘ಅನೆ’, ತಂಗಿಗೆ ‘ಇಮೋತೊ’. ನಾಲ್ಕಕ್ಕೆ ನಾಲ್ಕು ನಮ್ಮಲ್ಲೂ ಇವೆ. ಇಂಗ್ಲಿಷಿನಲ್ಲಿ ಎರಡೇ. ಹೆಂಡತಿ ಗಂಡನನ್ನು ‘ಅನಾತಾ’ ಅಂತ ಕರೆಯುತ್ತಾಳೆ. ಇಂಗ್ಲಿಷಿನಲ್ಲಿ ಅದು ‘ಡಿಯರ್’ ಆಗುತ್ತದೆ. ಅದನ್ನು ನೋಡಿದ ಕನ್ನಡ ಅನುವಾದಕ ‘ಪ್ರಿಯನೇ’ ಅಂತ ಬರೆಯುತ್ತಾನೆ. ಯಾವ ಮನೆಯಲ್ಲಿ ಸ್ವಾಮಿ ‘ಪ್ರಿಯನೇ, ಸಾರು ಬಡಿಸಲಾ’ ಅಂತಾರೆ? ‘ರೀ’ ಅಂದರೆ ಸಾಕು. ಅನಾತಾ ಅಂದರೆ ಆ ಜಾಗದಲ್ಲಿ ಹೆಚ್ಚು ಕಡಿಮೆ ‘ರೀ’ನೇ.

ವಾಕ್ಯದ ಕಟ್ಟು ನೋಡಿ. ‘ಕಿನೋ ಕತ್ತ ಹೊನ್’ ಅಂದರೆ ನಿನ್ನೆ, ಕೊಂಡ, ಪುಸ್ತಕ. ಮೂರು ಪದ, ಅದೇ ಸಾಲು. ಇಂಗ್ಲಿಷ್ ಇದನ್ನು ತಲೆಕೆಳಗು ಮಾಡುತ್ತದೆ. ಆ ತಲೆಕೆಳಗಾದದ್ದನ್ನು ಹಾಗೇ ಎತ್ತಿಕೊಂಡ ಕನ್ನಡ ‘ನಾನು ನಿನ್ನೆ ಯಾವ ಪುಸ್ತಕವನ್ನು ಕೊಂಡಿದ್ದೆನೋ ಆ ಪುಸ್ತಕ’ ಅಂತ ಏದುಸಿರು ಬಿಡುತ್ತದೆ.

ಇನ್ನೂ ಹತ್ತಿರದಿಂದ ಒಂದು ಪದ ನೋಡೋಣ. ‘ವಸುರೆತೆ ಶಿಮತ್ತ’. ‘ವಸುರೆತೆ’ ಅಂದರೆ ‘ಮರೆತು’. ‘ಶಿಮತ್ತ’ ಅನ್ನುವುದು, ಆಗಬಾರದ್ದು ಆಗಿಹೋಯಿತು, ಇನ್ನು ಹಿಂದಕ್ಕಿಲ್ಲ ಎಂಬ ಭಾವಕ್ಕೆ ಹಚ್ಚುವ ಕ್ರಿಯಾಪದ. ಅಂದರೆ ‘ಮರೆತುಬಿಟ್ಟೆ’. ನಮ್ಮ ‘ಬಿಡು’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಮಾತಿನಲ್ಲಿ ಅವರು ‘ವಸುರೆಚತ್ತ’ ಅಂತ ಕುಗ್ಗಿಸುತ್ತಾರೆ, ನಾವು ‘ಮರ್ತ್ಬಿಟ್ಟೆ’ ಅಂತೀವಿ. ಇಂಗ್ಲಿಷ್ ಅನುವಾದದಲ್ಲಿ ಬಹಳ ಸಲ ‘ಐ ಫರ್ಗಾಟ್’ ಅಷ್ಟೇ ಉಳಿಯುತ್ತದೆ. ಅದು ಕನ್ನಡಕ್ಕೆ ಬರುವಾಗ ‘ನಾನು ಮರೆತೆನು’. ಎರಡು ದಡದಲ್ಲೂ ಇದ್ದ ಅಯ್ಯೋ ಅನ್ನುವ ಭಾವ ನಡುನೀರಿನಲ್ಲಿ ಮುಳುಗಿತು. ಹಾಗೆಯೇ ‘ತಬೆತೆ ಮಿರು’ ಅಂದರೆ ‘ತಿಂದು ನೋಡುವುದು’, ‘ಕೈತೆ ಒಕು’ ಅಂದರೆ ‘ಬರೆದು ಇಡುವುದು’. ಮಿರು ಅಂದರೆ ನೋಡು, ಒಕು ಅಂದರೆ ಇಡು. ಮೊದಲ ಸಲ ಇದು ಗೊತ್ತಾದಾಗ ನನಗೆ ಎದ್ದು ಓಡಾಡುವಷ್ಟು ಖುಷಿಯಾಗಿತ್ತು.

ಸದ್ದಿನ ಪದಗಳಲ್ಲೂ ಹೀಗೇ. ಎದೆ ಅವರಿಗೆ ‘ದೊಕಿದೊಕಿ’, ನಮಗೆ ‘ಡವಡವ’. ಮಳೆ ‘ಝಾಝಾ’, ನಮ್ಮದು ‘ಧೋ ಧೋ’. ಮಿಂಚುವುದು ‘ಪಿಕಪಿಕ’, ನಮ್ಮದು ‘ಫಳಫಳ’. ಪೋಕೆಮಾನ್ ಕಾರ್ಟೂನಿನ ಪಿಕಾಚು ಎಂಬ ಹೆಸರಿನ ಪಿಕಾ ಇದೇ. ಲೈಟ್ ನಾವೆಲ್‌ಗಳಲ್ಲಿ ಇಂಥ ಪದಗಳು ಹೆಜ್ಜೆಹೆಜ್ಜೆಗೂ ಇರುತ್ತವೆ. ಇಂಗ್ಲಿಷ್ ಅನುವಾದಕರು ಅವನ್ನು ವಿವರಣೆಯಾಗಿ ಕರಗಿಸಬೇಕಾಗುತ್ತದೆ. ಕನ್ನಡದವರಿಗೆ ಆ ಕಷ್ಟ ಇಲ್ಲ.

ಇದೆಲ್ಲ ನೋಡಿ ಕನ್ನಡ, ಜಪಾನಿ ಒಂದೇ ತಾಯಿಯ ಮಕ್ಕಳು ಅಂತ ವಾಟ್ಸಾಪ್‌ನಲ್ಲಿ ಯಾರಾದರೂ ಕಳಿಸಿದರೆ ನಂಬಬೇಡಿ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವಾದಿಸಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ನೆಂಟರಲ್ಲದಿದ್ದರೂ ನಡಿಗೆ ಒಂದೇ ಥರ ಇರಬಹುದು, ಅಷ್ಟೇ.

ಕನ್ನಡ ಸೋಲುವ ಜಾಗಗಳೂ ಇವೆ. ಜಪಾನಿ ಕ್ರಿಯಾಪದದಲ್ಲಿ ಗಂಡು ಹೆಣ್ಣು ಇಲ್ಲ. ಮುಸುಕಿನ ಕೊಲೆಗಾರ ಹೆಣ್ಣು ಅನ್ನುವುದನ್ನು ಇನ್ನೂರು ಪುಟ ಮುಚ್ಚಿಡಬಹುದು. ನಾವು ‘ಬಂದ’ ಅಂದರೂ ಸಿಕ್ಕಿಬಿದ್ದೆವು, ‘ಬಂದಳು’ ಅಂದರೂ ಸಿಕ್ಕಿಬಿದ್ದೆವು. ‘ಆ ಆಕೃತಿ ಬಂತು’ ಅಂತ ಎಷ್ಟು ಸಲ ಹೇಳುವುದು? ಇನ್ನೊಂದು, ಕಾಂಜಿಯ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಓದುವ ರೀತಿ ಕೊಡುವ ಪದ್ಧತಿ. ಲೇಖಕರು ಕೆಳಗೆ ಒಂದು ಅರ್ಥ, ಮೇಲೆ ಬೇರೆಯೇ ಉಚ್ಚಾರ ಕೊಟ್ಟು ಆಟ ಆಡುತ್ತಾರೆ. ಅದನ್ನು ಕನ್ನಡಕ್ಕೆ ತರುವ ದಾರಿ ನನಗಂತೂ ಸಿಕ್ಕಿಲ್ಲ.

‘ಸೆನ್‌ಪೈ’ ಬಗ್ಗೆ ಒಂದು ಎಚ್ಚರಿಕೆ. ಶಾಲೆಯಲ್ಲಿ, ಕೆಲಸದಲ್ಲಿ ತಮಗಿಂತ ಮೊದಲು ಸೇರಿದವರನ್ನು ಹಾಗೆ ಕರೆಯುತ್ತಾರೆ. ನಮ್ಮ ಕಡೆ ಕಾಲೇಜಿನಲ್ಲಿ ಹಿರಿಯ ಹುಡುಗನನ್ನು ‘ಅಣ್ಣಾ’ ಅನ್ನುವುದು ರೂಢಿ ಅಂತ ಅನುವಾದದಲ್ಲೂ ಅದನ್ನೇ ಹಾಕಿದಿರೋ, ಪ್ರೇಮಕಥೆ ಎರಡನೇ ಪುಟಕ್ಕೇ ಸತ್ತುಹೋಗುತ್ತದೆ. ಸೆನ್‌ಪೈ ಅಂತಲೇ ಬಿಡಿ. ನಾಲ್ಕು ಪುಟದಲ್ಲಿ ಓದುಗರಿಗೆ ಗೊತ್ತಾಗುತ್ತದೆ. 2025ರ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಬಂತಲ್ಲ, ಅದರಲ್ಲಿ ದೀಪಾ ಭಾಸ್ತಿ ಅವರು ಎಷ್ಟೋ ಕನ್ನಡ ಪದಗಳನ್ನು ಓರೆ ಅಕ್ಷರ, ಅಡಿಟಿಪ್ಪಣಿ ಯಾವುದೂ ಇಲ್ಲದೆ ಹಾಗೇ ಬಿಟ್ಟಿದ್ದಾರೆ. ಓದಿದವರಾರೂ ದಾರಿ ತಪ್ಪಲಿಲ್ಲ. ಅಂದಹಾಗೆ, ಆ ಬಹುಮಾನದ 50,000 ಪೌಂಡ್‌ನಲ್ಲಿ ಅನುವಾದಕರಿಗೆ ಸರಿ ಅರ್ಧ ಪಾಲು. ನನ್ನ ಹೆಂಡತಿಗೆ ಈ ಸುದ್ದಿಯನ್ನು ಎರಡು ಸಲ ಓದಿ ಹೇಳಿದ್ದೇನೆ.

ನಮ್ಮ ಕಡೆ ಮಾತಿನಲ್ಲಿ ಮಾಡಲಾ ಅಂತ ಕೇಳಿದ್ದೀರಿ. ನಿರೂಪಣೆಯನ್ನು ಸರಳ ಪುಸ್ತಕದ ಕನ್ನಡದಲ್ಲಿ ಇಡಿ. ಮಾತನ್ನು ಪಾತ್ರ ನೋಡಿ ಬರೆಯಿರಿ. ಟೋಕಿಯೋದ ಹುಡುಗಿ ‘ಹೌದೇನಬೇ ಯವ್ವಾ’ ಅಂದರೆ ಓದುಗರಿಗೆ ಟೋಕಿಯೋ ಕಾಣಿಸುವುದಿಲ್ಲ, ಸಿಂಧನೂರು ಬಸ್‌ಸ್ಟ್ಯಾಂಡ್ ಕಾಣಿಸುತ್ತದೆ. ಆದರೆ ಮೂಲದಲ್ಲೇ ಒಬ್ಬ ಪಾತ್ರ ಒಸಾಕಾ ಕಡೆಯ ಕಾನ್ಸಾಯ್ ಮಾತಾಡುತ್ತಿದ್ದರೆ, ಆಗ ನಮ್ಮ ಮಾತಿಗೆ ಜಾಗ ಇದೆ. ಒಂದೇ ಅಪಾಯ. ಸಿನಿಮಾಗಳು ನಮ್ಮ ಕಡೆಯ ಕನ್ನಡವನ್ನು ನಗಿಸಲಿಕ್ಕೇ ಇಟ್ಟುಕೊಂಡು ಓದುಗರ ಕಿವಿ ಕೆಡಿಸಿವೆ. ಗಂಭೀರ ಪಾತ್ರದ ಬಾಯಲ್ಲಿ ಅದನ್ನು ಇಟ್ಟಾಗ ಪದ ಕಡಿಮೆ ಇರಲಿ, ಲಯ ಇರಲಿ. ‘ಬರ್ತೀನ್ರಿ’ ಎಂಬ ಒಂದು ಮಾತು ಸಾಕು, ಪ್ರತಿ ಸಾಲಿನಲ್ಲೂ ‘ಯಪ್ಪಾ’ ಬೇಡ.

ಈಗ ಕಾನೂನು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಅನುವಾದದ ಹಕ್ಕು ಲೇಖಕರದ್ದು. ಲೇಖಕರು ಬದುಕಿರುವವರೆಗೆ, ತೀರಿಕೊಂಡ ಮೇಲೆ ಇನ್ನೂ 60 ವರ್ಷ. ಜಪಾನಿನಲ್ಲಿ 2018ರ ಕೊನೆಯಿಂದ ಅದು 70 ವರ್ಷ ಆಗಿದೆ. ನಿಮ್ಮ ನೋಟ್‌ಬುಕ್‌ನಲ್ಲಿ ನಿಮಗಾಗಿ ಅನುವಾದ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಊರಿಗೆಲ್ಲ ಹಂಚಿದರೆ ಅದು ಹಕ್ಕು ಉಲ್ಲಂಘನೆ. ‘ದುಡ್ಡು ತಗೊಂಡಿಲ್ಲವಲ್ಲ’ ಅನ್ನುವ ಸಮಜಾಯಿಷಿ ನಿಲ್ಲುವುದಿಲ್ಲ. ಪುಸ್ತಕ ಬಂದು ಏಳು ವರ್ಷವಾದರೂ ಒಂದು ಭಾಷೆಗೆ ಅನುವಾದ ಆಗದಿದ್ದರೆ ಪರವಾನಗಿಗೆ ಅರ್ಜಿ ಹಾಕಬಹುದು ಅಂತ 32ನೇ ಕಲಂ ಹೇಳುತ್ತದೆ. ಆದರೆ ಹಕ್ಕುದಾರರನ್ನು ಕೇಳಿದೆ, ಕೊಡಲಿಲ್ಲ ಅಥವಾ ಸಿಗಲಿಲ್ಲ ಅಂತೆಲ್ಲ ತೋರಿಸಬೇಕು. ಅಂಗಡಿ ನಡೆಸಿಕೊಂಡು ಮಾಡುವ ಕೆಲಸ ಅಲ್ಲ ಅದು. ನೇರವಾಗಿ ಪ್ರಕಾಶಕರನ್ನು ಕೇಳುವುದಾದರೆ ನಿಮ್ಮ ಹೆಸರಿನಲ್ಲಿ ಕೇಳುವುದಕ್ಕಿಂತ ಒಬ್ಬ ಕನ್ನಡ ಪ್ರಕಾಶಕರನ್ನು ಒಪ್ಪಿಸಿ ಅವರಿಂದ ಬರೆಸಿ. ಎಷ್ಟು ಪ್ರತಿ, ಎಷ್ಟು ಬೆಲೆ, ಮುಂಗಡ ಎಷ್ಟು, ಇವೇ ಅವರ ಮೊದಲ ಪ್ರಶ್ನೆಗಳು. ಉತ್ತರ ಬಾರದೆಯೂ ಇರಬಹುದು. ಬಾರದ್ದೇ ಜಾಸ್ತಿ.

ಭಾಷೆಯನ್ನೇ ಕಲಿಯುವುದು ಇನ್ನೊಂದು ದಾರಿ. ವೆಂಕಟಾಚಾರ್ಯರು ಬಂಗಾಳಿ ಕಲಿತರು, ಇಂಗ್ಲಿಷಿಗೆ ಕಾಯಲಿಲ್ಲ. ನಿಮಗೆ 23 ವರ್ಷ, ಕೈಯಲ್ಲಿ ಮೊಬೈಲ್ ಇದೆ. ಜಪಾನಿ ಅಕ್ಷರಮಾಲೆ ಬಾಯಿಪಾಠ ಮಾಡಲು ಕೂತರೆ ನಿಮಗೆ ನಗು ಬರುತ್ತದೆ. ಅ ಇ ಉ ಎ ಒ. ಆಮೇಲೆ ಕ ಕಿ ಕು ಕೆ ಕೊ. ನಮ್ಮ ಕಾಗುಣಿತವೇ. ಬೌದ್ಧ ಭಿಕ್ಷುಗಳ ಸಂಸ್ಕೃತ ಓದಿನ ಜೊತೆ ಅಲ್ಲಿಗೆ ಹೋದ ಕ್ರಮ ಅದು. ಇಂಥ ಅಕ್ಷರಮಾಲೆ ಅವರಲ್ಲಿ ಎರಡು, ಹಿರಗಾನ 46, ಕತಕಾನ 46 ಅಕ್ಷರ, ತಿಂಗಳೊಳಗೆ ಬರುತ್ತವೆ. ಕಾಂಜಿ ವರ್ಷಗಟ್ಟಲೆ ಕಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೇಂದ್ರ ಇದೆ. ಎನ್5 ಎಂಬ ಮೊದಲ ಮೆಟ್ಟಿಲಿನಿಂದ ಶುರು, ಮೇಲೇರಿದಂತೆ ಅಂಕಿ ಇಳಿಯುತ್ತದೆ. ಕಾದಂಬರಿ ಸಲೀಸಾಗಿ ಓದಲು ಎನ್2ರ ಹತ್ತಿರ ಹೋಗಬೇಕು. ಅಲ್ಲಿಯವರೆಗೆ ಯಂತ್ರವನ್ನು ನಿಘಂಟಿನ ಹಾಗೆ ಬಳಸಿ. ಜಪಾನಿಯಿಂದ ನೇರ ಕನ್ನಡಕ್ಕೆ ಕೊಟ್ಟಂತೆ ಕಂಡರೂ ಅದು ಒಳಗೆ ಇಂಗ್ಲಿಷ್ ದಾಟಿ ಬಂದಿರಬಹುದು. ‘ಮೇಷ್ಟ್ರೇ, ಬನ್ನಿ’ ಅಂತ ಕೊಟ್ಟು ಅತ್ತ ಜಪಾನಿ ಭಾಷೆಗೆ ಕಳಿಸಿ, ಮತ್ತೆ ಇತ್ತ ಕನ್ನಡಕ್ಕೆ ತರಿಸಿ ನೋಡಿ. ಮರ್ಯಾದೆ ಉಳಿದು ಬಂತಾ ಅಂತ ಲೆಕ್ಕ ಹಾಕಿ.

ಇಷ್ಟರ ನಡುವೆ ಈ ವಾರವೇ ಶುರು ಮಾಡಬಹುದಾದ ಕೆಲಸ ಒಂದಿದೆ. ಮಿಯಾಜಾವಾ ಕೆಂಜಿ ಅಂತ ಒಬ್ಬ ಲೇಖಕ, 1896ರಿಂದ 1933. ಜಪಾನಿನ ಬಡ ಉತ್ತರದ ಇವಾತೆ ಸೀಮೆಯವರು. ಕೃಷಿ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಆಮೇಲೆ ಭತ್ತದ ರೈತರಿಗೆ ಯಾವ ಗದ್ದೆಗೆ ಯಾವ ಗೊಬ್ಬರ ಎಷ್ಟು ಅಂತ ಪುಕ್ಕಟೆ ಲೆಕ್ಕ ಹಾಕಿಕೊಡುತ್ತಿದ್ದರು. ನಿಮ್ಮ ಕೌಂಟರಿನ ಕೆಲಸವೇ, ಬಿಲ್ ಇಲ್ಲದೆ! ಮಕ್ಕಳಿಗೂ ದೊಡ್ಡವರಿಗೂ ಆಗುವ ವಿಚಿತ್ರ ಕಥೆ ಬರೆದರು. ಮಾತು ಸರಳ, ಸದ್ದಿನ ಪದ ಧಾರಾಳ, ಕೆಲವು ಕಡೆ ತಮ್ಮ ಊರಿನ ಮಾತನ್ನೂ ತಂದಿದ್ದಾರೆ. ಹಕ್ಕಿನ ಅವಧಿ ಎಂದೋ ಮುಗಿದಿದೆ. 1997ರಿಂದ ನಡೆಯುತ್ತಿರುವ ‘ಅಓಜೋರಾ ಬುಂಕೊ’ ಎಂಬ ಉಚಿತ ಜಪಾನಿ ಗ್ರಂಥಾಲಯದಲ್ಲಿ ಮೂಲ ಸಿಗುತ್ತದೆ. ಇಂಗ್ಲಿಷಿನಲ್ಲಿ ಬೇರೆ ಬೇರೆಯವರು ಮಾಡಿದ ಅನುವಾದಗಳೂ ಇವೆ.

ಚಿಕ್ಕದೊಂದು ಕಥೆ ಆರಿಸಿ. ಎರಡು ಇಂಗ್ಲಿಷ್ ಅನುವಾದ ಪಕ್ಕಪಕ್ಕ ಇಡಿ. ಅವು ಎಲ್ಲಿ ಜಗಳವಾಡುತ್ತವೋ ಅಲ್ಲಿ ಮಾತ್ರ ಮೂಲದ ಸಾಲನ್ನು ಯಂತ್ರದ ಸಹಾಯದಿಂದ ಬಿಡಿಸಿ. ಯಾರು ಯಾರಿಗೆ ‘ನೀನು’, ಯಾರಿಗೆ ‘ನೀವು’ ಅನ್ನುವುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾನು ಈಗಲೂ ಹಾಗೇ ಮಾಡುವುದು. ಒಂದು ಪುಟ ಆದಮೇಲೆ ಪುಸ್ತಕ ಮುಚ್ಚಿ, ನಿಮ್ಮ ಕನ್ನಡವನ್ನು ಮಾತ್ರ ಅವ್ವನಿಗೆ ಜೋರಾಗಿ ಓದಿ ಹೇಳಿ. ಅವರು ಎಲ್ಲೆಲ್ಲಿ ‘ಆಂ? ಏನಂದಿ?’ ಅಂತಾರೋ ಅಲ್ಲಲ್ಲಿ ಪೆನ್ಸಿಲ್ ಗೀಟು ಹಾಕಿ. ಗೀಟು ಬಿದ್ದ ಸಾಲುಗಳ ಸಮೇತ ಆ ಪುಟವನ್ನು ನನಗೆ ಕಳಿಸಿ.